ಕಂದು ಜಾಡಿ - ಅಧ್ಯಾಯ ಒಂಬತ್ತು: ಬಾಲವಿಲ್ಲದ ಗಂಟು

೧೯೬೩ರ ಏಪ್ರಿಲ್ ಒಂಬತ್ತು, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಗಾಜಿನ ತೊಟ್ಟಿಯಲ್ಲಿದ್ದ ದ್ರಾವಣ ಹಾಲಿನ ಹಾಗೆ ಬೆಳ್ಳಗಾಗಿತ್ತು.

ಎಂಟೂಕಾಲಿಗೆ ಸಬ್ ಇನ್ಸ್‌ಪೆಕ್ಟರ್ ಕೋನಪ್ಪ ಅದರ ಮುಂದೆ ನಿಂತಿದ್ದ. ಮಾರ್ಚ್ ತಿಂಗಳಲ್ಲಿ ಇದೇ ಕಾರ್ಖಾನೆಯಿಂದ ಕಳುವಾದ, ದ್ರಾವಣ ಕಲಸುವ ಕ್ರಮ ಬರೆದಿದ್ದ ನೋಟ್ ಪುಸ್ತಕವನ್ನು ಹುಡುಕಿಕೊಂಡು ಆತ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಬಂದು ಹನ್ನೊಂದು ದಿನವಾಗಿತ್ತು. ಪುಸ್ತಕ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಇದು.

ಕಾರ್ಖಾನೆ ಎಂದರೆ ರೈಲ್ವೆ ಸ್ಟೇಷನ್ನಿನ ಹಿಂದೆ, ಒಂದು ಕಾಲಕ್ಕೆ ಕಡಲೆಕಾಯಿ ಮಿಲ್ಲಾಗಿದ್ದ ತಗಡಿನ ಶೆಡ್ಡು. ಅಲ್ಲಿ ನಡೆಯುತ್ತಿದ್ದ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಟೈಟಾನಿಯಂ ಲೋಹದ ಒಂದು ಸಂಯುಕ್ತವನ್ನು ನೀರಿನ ಪಸೆಯಿಲ್ಲದ ಸ್ಪಿರಿಟ್ಟಿನಲ್ಲಿ ಕಲಸಬೇಕು. ಅದರಲ್ಲಿ ಗಾಜಿನ ಹಲಗೆ ಅದ್ದಿ, ಒಂದೇ ವೇಗದಲ್ಲಿ ಮೇಲಕ್ಕೆ ಎತ್ತಿ, ಒಲೆಯಲ್ಲಿ ಕಾಯಿಸಬೇಕು. ಸ್ಪಿರಿಟ್ ಹಾರಿಹೋಗಿ ಗಾಜಿನ ಮೇಲೆ ಆಕ್ಸೈಡಿನ ಪೊರೆ ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಪೊರೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಉಳಿದದ್ದನ್ನು ದಾಟಿಸುತ್ತದೆ. ಭೂಮಿ ಅಳೆಯುವ ಉಪಕರಣಗಳಿಗೆ ಆ ಗಾಜು ಬೇಕು. ಅದುವರೆಗೆ ಅದು ಜರ್ಮನಿಯಿಂದ ಹಡಗಿನಲ್ಲಿ ಬರುತ್ತಿತ್ತು.

ಗಾಜನ್ನು ಎತ್ತುವ ಯಂತ್ರವನ್ನೂ ಅಲ್ಲಿಂದಲೇ ತರಿಸಬೇಕಾಗಿತ್ತು. ತರಿಸಲಿಲ್ಲ. ಶಿಡ್ಲಘಟ್ಟದಿಂದ ರೇಷ್ಮೆ ನೂಲು ಬಿಚ್ಚುವ ಒಂದು ಚರಕವನ್ನೂ, ಅದನ್ನು ಹನ್ನೆರಡು ವರ್ಷ ತಿರುಗಿಸಿದ ಅಶ್ವತ್ಥಮ್ಮನನ್ನೂ ಕರೆತಂದರು. ರೇಷ್ಮೆಗೂಡು ಬೇಯುವ ಬಾಣಲೆಯಿಂದ ಎಳೆ ಕಡಿಯದಂತೆ ನೂಲು ಎತ್ತಿದ ಕೈ ಗಾಜನ್ನೂ ಅಲುಗದಂತೆ ಎತ್ತಿತು.

ಮಧ್ಯಾಹ್ನ ಒಂದು ಗಂಟೆಯ ರೈಲಿಗೆ ಬೆಂಗಳೂರಿನಿಂದ ಉಪಕರಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಅವರ ಎದುರಿನಲ್ಲೇ ಗಾಜು ತಯಾರಾಗಬೇಕು. ಒಪ್ಪಿದರೆ ವರ್ಷದ ಕೆಲಸ. "ನಮ್ಮ ಹವೆಯಲ್ಲಿ ಈ ದ್ರಾವಣ ಒಂದು ವಾರ ಬಾಳುವುದಿಲ್ಲ" ಎಂದು ಅವರೇ ಹಿಂದೊಮ್ಮೆ ಬರೆದಿದ್ದ ಕಾಗದವನ್ನು ಯಜಮಾನ ರಾಮಾಂಜಿನಪ್ಪನವರು ಚೌಕಟ್ಟು ಹಾಕಿಸಿ ಶೆಡ್ಡಿನ ಗೋಡೆಗೆ ತೂಗುಹಾಕಿದ್ದರು. ಅದರ ಕೆಳಗೆ ದ್ರಾವಣ ಕಲಸುವ ಮುನಿಗಂಗಪ್ಪ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆದಿದ್ದ: ೪೦. ಅವನು ಕಲಸಿದ ದ್ರಾವಣ ಮಬ್ಬಾಗದೆ ನಿಂತ ದಿನಗಳು ಅಷ್ಟು.

ಈಗ ಅದೇ ಮುನಿಗಂಗಪ್ಪನ ಮೇಲೆ ದೂರು ಬರೆದು ಸಿದ್ಧವಾಗಿತ್ತು.

ದೂರು ಬರೆದವನು ಮ್ಯಾನೇಜರ್ ಚಲಪತಿ. ರುಜು ರಾಮಾಂಜಿನಪ್ಪನವರದು. ಒಕ್ಕಲುತನದ ದೊಡ್ಡ ಮನೆಯ ಅರವತ್ತರ ಮನುಷ್ಯ ಅವರು. ಅವರು ಓಡಾಡಿದ ಕಡೆಯಲ್ಲೆಲ್ಲ ಉಡಿದಾರದ ಬೀಗದಕೈಗಳು ಸದ್ದು ಮಾಡುತ್ತಿದ್ದವು. ಕೋನಪ್ಪ ಎಣಿಸಿದ. ನಾಲ್ಕು. ಶೆಡ್ಡಿನದು, ಒಲೆಯ ಕೋಣೆಯದು, ದ್ರಾವಣದ ಕೋಣೆಯದು, ಮನೆಯ ಬೀರುವಿನದು. ಎಣಿಸುವುದೂ ಬರೆದುಕೊಳ್ಳುವುದೂ ಅವನ ಅಭ್ಯಾಸ.

ದ್ರಾವಣದ ಕೋಣೆಗೆ ಇನ್ನೊಂದೇ ಬೀಗದಕೈ ಇದ್ದದ್ದು ಮುನಿಗಂಗಪ್ಪನ ಹತ್ತಿರ. ಶುಕ್ರವಾರ ಸಂಜೆ ಅವನು ಐದು ಲೀಟರು ಕಲಸಿ, ಬೆಳಕು ತಾಗದ ಕಂದು ಜಾಡಿಗೆ ತುಂಬಿಸಿ, ಬಿರಡೆ ಹಾಕಿ, ಅಶ್ವತ್ಥಮ್ಮನ ಕೈಲಿ ರೇಷ್ಮೆ ದಾರ ಕಟ್ಟಿಸಿ, ಬೀಗ ಜಡಿದು ಹೋಗಿದ್ದ. ಶನಿವಾರ ಚಿಂತಾಮಣಿ ದಾಟಿ ಮುರುಗಮಲ್ಲದಲ್ಲಿರುವ ಅಕ್ಕ ಗಂಗುಲಮ್ಮನ ಮನೆಗೆ. ಈ ದಿನ ಐದು ಗಂಟೆಯ ಬಸ್ಸು ಹಿಡಿದು ಏಳೂ ನಲವತ್ತಕ್ಕೆ ಇಳಿದಿದ್ದ. ಬಸ್ಸಿನ ಟಿಕೆಟ್ಟು ಕೋನಪ್ಪನ ಕೈಯಲ್ಲಿತ್ತು. ಬೆಳಿಗ್ಗೆ ಆರಕ್ಕೆ ಅಶ್ವತ್ಥಮ್ಮನಿಗೆ ಕೋಣೆ ತೆರೆದುಕೊಟ್ಟು ಮನೆಗೆ ಹೋದವರು ರಾಮಾಂಜಿನಪ್ಪನವರೇ.

ಚಲಪತಿಯ ವಾದ ಚಿಕ್ಕದು. ಶುಕ್ರವಾರವೇ ಇವನು ಸ್ಪಿರಿಟ್ ಮಾರಿಕೊಂಡು, ಆ ಜಾಗಕ್ಕೆ ನೀರು ತುಂಬಿಸಿ, ಊರು ಬಿಟ್ಟಿದ್ದಾನೆ. ಟೈಟಾನಿಯಂಗೆ ನೀರು ಸೋಕಿದರೆ ಬಿಳುಪಾಗುತ್ತದೆ, ಇದನ್ನು ಹೇಳಿಕೊಟ್ಟವನೂ ಇವನೇ. ಕಂದು ಜಾಡಿಯಾದ್ದರಿಂದ ಒಳಗೇನಿದೆ ಎಂದು ಯಾರಿಗೂ ಕಾಣಲಿಲ್ಲ.

ಅಶ್ವತ್ಥಮ್ಮ ಬೇರೆ ಹೇಳಿದಳು. ನಾನು ಸುರಿಯುವಾಗ ದ್ರಾವಣ ತಿಳಿಯಾಗಿಯೇ ಇತ್ತು. ತೊಟ್ಟಿಯನ್ನು ಗೀಟಿನ ತನಕ ತುಂಬಿಸಿ, ಜಾಡಿ ತೊಳೆದು ಬೋರಲು ಹಾಕಿ, ಒಲೆ ಹೊತ್ತಿಸಲು ಹೋದೆ. ತಿರುಗಿ ಬಂದರೆ ಬಿಳುಪು.

"ಆಯಮ್ಮ ಅವನ ಕಡೆಯವಳು ಸಾರ್," ಎಂದ ಚಲಪತಿ. "ಜಾಡಿ ಯಾಕೆ ತೊಳೆದ್ಲು ಕೇಳಿ. ಇವನಂಥೋರ ಕೈಗೆ ಬೀಗದಕೈ ಕೊಡಬೇಡಿ ಅಂತ ಗೌಡ್ರಿಗೆ ನಾನು ಮೊದ್ಲೇ ಹೇಳಿದ್ದೆ."

ನೂಲು ಬಿಚ್ಚುವ ಮನೆಯಲ್ಲಿ ಬಳಸಿದ ಪಾತ್ರೆ ಆ ಕ್ಷಣವೇ ತೊಳೆಯುತ್ತಾರೆ. ಕೋನಪ್ಪನಿಗೆ ಅದು ಗೊತ್ತಿತ್ತು. ಆದರೆ ತೊಳೆದ ಜಾಡಿ ಏನನ್ನೂ ಹೇಳುವುದಿಲ್ಲ ಎಂಬುದೂ ನಿಜ. ಬೋರಲು ಹಾಕಿದ ಜಾಡಿಯ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ, ಬ್ಲೇಡಿನಿಂದ ಕತ್ತರಿಸಿದ ರೇಷ್ಮೆ ದಾರ ಗಂಟಿನ ಸಮೇತ ಬಿದ್ದಿತ್ತು. ಅದನ್ನು ಎತ್ತಿ ಖಾಲಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡ.

ಮುನಿಗಂಗಪ್ಪ ತೊಟ್ಟಿಯ ಪಕ್ಕ ನಿಂತಿದ್ದ. ಇಪ್ಪತ್ತಾರು ವರ್ಷದ, ಒಣಕಲು ಮೈಯ ಯುವಕ. ಅವನ ಕೇರಿಯಿಂದ ಬಿ.ಎಸ್ಸಿ. ಮಾಡಿದ ಮೊದಲಿಗ. ಈ ದಿನ ಕೈಗೆ ಬೇಡಿ ಬಿದ್ದರೆ ಗೋಡೆಯ ಕಾಗದ ನಿಜವಾಗಿ, ಅದರ ಕೆಳಗಿನ ನಲವತ್ತು ಸುಳ್ಳಾಗುತ್ತದೆ ಎಂದು ಅವನಿಗೆ ತಿಳಿದಿತ್ತು.

"ನೀರು ಬೆರೆಸಿದೆ ಅಂತೀರಿ," ಎಂದ, ದನಿ ಎತ್ತರಿಸದೆ. "ಈ ಶೆಡ್ಡಲ್ಲಿ ನೀರಿನ ಮಡಕೆ ಮುಟ್ಟೋಕೆ ನನ್ನ ಯಾವತ್ತು ಬಿಟ್ಟಿದೀರಿ ಚಲಪತಿಯವರೇ?"

ರಾಮಾಂಜಿನಪ್ಪನವರು ನೆಲ ನೋಡಿದರು.

"ಅದು ಸಾಕ್ಷಿ ಅಲ್ಲ ಕಣಪ್ಪ," ಎಂದ ಕೋನಪ್ಪ. "ಬಾವಿಗಳು ಊರೆಲ್ಲ ಇವೆ."

"ಗೊತ್ತು ಸಾರ್. ಸಾಕ್ಷಿ ಬೇರೆ ಇದೆ. ನನ್ನ ಪುಸ್ತಕ ಹೋಯ್ತು, ಬಾಟ್ಲಿಗಳು ಹೋಗಿಲ್ಲ."

ಕಿಟಕಿಯ ಮೇಲಿನ ಗೂಡಿನಲ್ಲಿ ಒಂಬತ್ತು ಚಿಕ್ಕ ಬಾಟಲಿಗಳಿದ್ದವು. ಒಳಗೆ ಒಂದೇ ಬಿಳುಪು. ಪ್ರತಿಯೊಂದರ ಬುಡಕ್ಕೂ ತಾರೀಖಿನ ಚೀಟಿ. ದ್ರಾವಣ ಹೇಗೆ ಬಾಳುತ್ತದೆ ಎಂದು ತಿಳಿಯಬೇಕಾದರೆ ಅದು ಹೇಗೆ ಕೆಡುತ್ತದೆ ಎಂದು ಮೊದಲು ತಿಳಿಯಬೇಕು. ಅದಕ್ಕಾಗಿ ಅವನು ಬೇಕೆಂದೇ ನೀರು ಹಾಕಿ ಕೆಡಿಸಿ ಇಟ್ಟವು ಅವು. ಕೊನೆಯದರ ತಾರೀಖು ಏಪ್ರಿಲ್ ಐದು, ಶುಕ್ರವಾರ.

ಹಾಲಾದ ಟೈಟಾನಿಯಂ ಎಲ್ಲ ಕಾಲಕ್ಕೂ ಒಂದೇ ಅಲ್ಲ ಎಂದು ಮುನಿಗಂಗಪ್ಪ ವಿವರಿಸಿದ. ಆಗಷ್ಟೇ ಬಿಳುಪಾದದ್ದಕ್ಕೆ ಆಮ್ಲ ಹನಿಸಿದರೆ ಕರಗಿ ಮತ್ತೆ ತಿಳಿಯಾಗುತ್ತದೆ. ಹಳತಾದಷ್ಟೂ ಅದು ಒಳಗೊಳಗೇ ಬಿಗಿಯುತ್ತದೆ. ಏಪ್ರಿಲ್ ತಿಂಗಳ ಈ ತಗಡಿನ ಶಾಖದಲ್ಲಿ ಎರಡು ದಿನ ಕಳೆದರೆ ಎಷ್ಟು ಆಮ್ಲ ಸುರಿದರೂ ಪೂರ್ತಿ ಕರಗದು.

"ತೊಟ್ಟಿಯಲ್ಲಿರೋದು ಕರಗದಿದ್ರೆ ನಾನೇ ಕಳ್ಳ," ಎಂದ. "ಕರಗಿದ್ರೆ ಅದು ಬಿಳುಪಾಗಿದ್ದು ಈವತ್ತು. ಆಗ ನಾನು ಬಸ್ಸಲ್ಲಿದ್ದೆ."

ಚಲಪತಿ ನಕ್ಕ. "ಇವನೇ ಆರೋಪಿ, ಇವನೇ ತಜ್ಞ. ಚೆನ್ನಾಗಿದೆ ಸಾರ್ ನಿಮ್ಮ ತನಿಖೆ."

ಮಾತು ನ್ಯಾಯವಾಗಿಯೇ ಇತ್ತು. ಕೋನಪ್ಪ ಮುನಿಗಂಗಪ್ಪನನ್ನು ಹೊರಗೆ, ಬೇವಿನ ಮರದ ಕೆಳಗೆ, ಒಬ್ಬ ಪೇದೆಯ ಜೊತೆ ಕೂರಿಸಿದ. ಬಾಗಿಲು ಮುಚ್ಚಿಸಿದ. ಡಬ್ಬದಲ್ಲಿ ಉಳಿದಿದ್ದ ಸಂಯುಕ್ತದ ನಾಲ್ಕು ಹನಿಗಳನ್ನು ಸ್ಪಿರಿಟ್ಟಿಗೆ ಹಾಕಿ, ಮೇಲೆ ಬಾವಿಯ ನೀರು ಬಿಟ್ಟು, ಎರಡು ಗಾಜಿನ ನಳಿಗೆಗಳಲ್ಲಿ ತಾನೇ ಹೊಸ ಬಿಳುಪು ಮಾಡಿದ. ಇನ್ನು ಮೂರು ನಳಿಗೆಗಳಿಗೆ ಗೂಡಿನ ಬಾಟಲಿಗಳಿಂದ ಸುರಿದ. ಅದರಲ್ಲಿ ಒಂದು ಶುಕ್ರವಾರದ್ದು. ಐದರ ಸಾಲನ್ನೂ ಹಿಂದುಮುಂದು ಮಾಡಿ ನಿಲ್ಲಿಸಿ, ಯಾವುದು ಯಾವುದೆಂದು ಚೀಟಿಯಲ್ಲಿ ಬರೆದು ಚಲಪತಿಯ ಜೇಬಿಗೇ ಹಾಕಿದ. ನೋಡಲು ಐದೂ ಒಂದೇ. ಒಂದು ಹಸುವಿನ ಹಾಲು ಐದು ಲೋಟಕ್ಕೆ ಬಗ್ಗಿಸಿದ ಹಾಗೆ.

ಮುನಿಗಂಗಪ್ಪ ಒಳಗೆ ಬಂದು ಒಂದೊಂದಕ್ಕೂ ಹತ್ತು ಹನಿ ಆಮ್ಲ ಬಿಟ್ಟ. ಅಲುಗಿಸಿದ. ಕಾದ. ಮೊದಲನೆಯದು ಹಾಗೇ ಉಳಿಯಿತು. ಎರಡನೆಯದು ತಳದಿಂದ ಮೇಲಕ್ಕೆ ಬಿಳುಪು ಕಳಚಿಕೊಂಡು ಬಾವಿಯ ನೀರಿನಂತಾಯಿತು. ಮೂರು, ನಾಲ್ಕು ತಿಳಿಯಾಗಲಿಲ್ಲ. ಐದನೆಯದು ತಿಳಿಯಾಯಿತು.

"ಎರಡು, ಐದು ಈವತ್ತಿನವು. ಮೂರನೇದರಲ್ಲಿ ಒಂದೆಳೆ ಕರಗಿದ ಹಾಗಿದೆ, ಅದು ಶುಕ್ರವಾರದ್ದು ಇರ್ಬೇಕು. ಮಿಕ್ಕ ಎರಡು ತುಂಬ ಹಳೇವು."

ಚಲಪತಿ ಜೇಬಿನಿಂದ ಚೀಟಿ ತೆಗೆದ. ಓದಿದ. ಮತ್ತೊಮ್ಮೆ ಓದಿ ಮೇಜಿನ ಮೇಲಿಟ್ಟ. ಒಂದೂ ತಪ್ಪಿರಲಿಲ್ಲ.

ಆಮೇಲೆ ತೊಟ್ಟಿಯಿಂದ ಒಂದು ನಳಿಗೆ ತುಂಬಿಸಿದರು. ಆಮ್ಲದ ಬಾಟಲಿಯನ್ನು ಕೋನಪ್ಪನೇ ಹಿಡಿದ. ಏಳನೆಯ ಹನಿಗೆ ಬಿಳುಪು ಸಡಿಲವಾಯಿತು. ಹತ್ತನೆಯದಕ್ಕೆ ನಳಿಗೆಯ ಆಚೆ ನಿಂತಿದ್ದ ರಾಮಾಂಜಿನಪ್ಪನವರ ಮುಖ ಅದರ ಮೂಲಕ ಕಾಣಿಸಿತು.

ಒಂಬತ್ತು ಗಂಟೆ ಮೂವತ್ತೈದು ನಿಮಿಷ. ಕೋನಪ್ಪ ದೂರಿನ ಕಾಗದದಲ್ಲಿ ಮುನಿಗಂಗಪ್ಪನ ಹೆಸರಿನ ಮೇಲೆ ಗೀಟು ಎಳೆದ.

ರಾಮಾಂಜಿನಪ್ಪನವರು ಕೆಮ್ಮಿದರು. ಮಡಕೆಯ ಹತ್ತಿರ ಹೋಗಿ ತಮ್ಮದೇ ಹಿತ್ತಾಳೆ ಲೋಟದಲ್ಲಿ ನೀರು ಮೊಗೆದು ತಂದು ಮುನಿಗಂಗಪ್ಪನ ಮುಂದೆ ಹಿಡಿದರು. ಅವನು ಲೋಟ ತೆಗೆದುಕೊಂಡು, ಎತ್ತಿ ಕುಡಿಯದೆ, ತುಟಿ ಸೋಕಿಸಿಯೇ ಕುಡಿದ. ಲೋಟ ವಾಪಸು ಕೊಟ್ಟು ಒಂದೇ ಮಾತು ಕೇಳಿದ.

"ಒಂದು ಗಂಟೆ ರೈಲು ತಾನೇ ಗೌಡ್ರೇ? ಮೂರು ಗಂಟೆ ಕಾಲ ಇದೆ. ಸಾಕು."

ಸುಟ್ಟ ಸುಣ್ಣದ ಮೇಲೆ ಎರಡು ದಿನ ಇಟ್ಟು ನೀರು ಹೀರಿಸಿದ ಸ್ಪಿರಿಟ್ ಬೇರೆ ಕ್ಯಾನಿನಲ್ಲಿ ಇತ್ತು. ಡಬ್ಬದಲ್ಲಿ ಸಂಯುಕ್ತ ಒಂದು ಸಲಕ್ಕೆ ಮಾತ್ರ ಸಾಲುವಷ್ಟಿತ್ತು. ಕೈ ತಪ್ಪಿದರೆ ಇನ್ನೊಂದು ಡಬ್ಬ ಬೊಂಬಾಯಿಯಿಂದ ಬರಲು ತಿಂಗಳು. ಮುನಿಗಂಗಪ್ಪ ಕಿಟಕಿ ಮುಚ್ಚಿಸಿ, ಹಣೆಗೆ ಬಟ್ಟೆ ಕಟ್ಟಿಕೊಂಡು, ಬೆವರಿನ ಹನಿಯೂ ಬೀಳದಂತೆ ಜಾಡಿಗೆ ಮುಖ ಓರೆ ಮಾಡಿ ಕಲಸಿದ. ಜಾಡಿಯನ್ನು ಒಲೆಯ ಮೇಲೆ ಒಣಗಿಸಿ ಕೊಟ್ಟವಳು ಅಶ್ವತ್ಥಮ್ಮ. ನಲವತ್ತು ದಿನದ ಗುಟ್ಟಾದ ಆಮ್ಲವನ್ನು ಅವನು ಕೊನೆಯಲ್ಲಿ, ಉಸಿರು ಬಿಗಿಹಿಡಿದು, ಎಣಿಸಿ ಹನಿಸಿದ. ಎಷ್ಟು ಹನಿ ಎಂದು ಕೋನಪ್ಪ ನೋಡಿದ. ಈ ಒಂದು ಅಂಕಿಯನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಹನ್ನೆರಡೂವರೆಗೆ ಚಲಪತಿ ಅಧಿಕಾರಿಯನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೊರಟ. ಹೊರಡುವ ಮುಂಚೆ ರಾಮಾಂಜಿನಪ್ಪನವರ ಜೊತೆ ಗೇಟಿನ ಹತ್ತಿರ ಎರಡು ನಿಮಿಷ ಮಾತಾಡಿದ. ಏನೆಂದು ಕೇಳಿಸಲಿಲ್ಲ.

ಒಂದಕ್ಕೆ ಹತ್ತು ನಿಮಿಷವಿರುವಾಗ ಅಶ್ವತ್ಥಮ್ಮ ಹೊಸ ದ್ರಾವಣವನ್ನು ತೊಟ್ಟಿಗೆ ಸುರಿದಳು. ಐದು ಲೀಟರು ಪೂರ್ತಿ ಇಳಿದಾಗ ಅದು ಗಾಜಿನ ಮೇಲೆ ಕೊರೆದ ಗೀಟಿಗೆ ಸರಿಯಾಗಿ ನಿಂತಿತು.

ಅವಳು ಅದನ್ನೇ ನೋಡುತ್ತಾ ನಿಂತಳು.

"ಏನಮ್ಮಾ?" ಎಂದ ಕೋನಪ್ಪ.

"ಬೆಳಿಗ್ಗೆ ಹಿಂಗೆ ಬರಲಿಲ್ಲ ಸ್ವಾಮಿ. ಎರಡು ಬೆರಳು ಕಮ್ಮಿ ಬಂತು."

ಕೋನಪ್ಪ ತನ್ನ ಟಿಪ್ಪಣಿ ಪುಸ್ತಕ ತೆಗೆದ. ಬೆಳಗಿನ ಹೇಳಿಕೆ ಅಲ್ಲೇ ಇತ್ತು: ಗೀಟಿನ ತನಕ ತುಂಬಿಸಿದೆ. ಏನನ್ನು ಸುರಿದು ತುಂಬಿಸಿದೆ ಎಂದು ಅವನು ಕೇಳಿರಲಿಲ್ಲ. ತಪ್ಪು ತನ್ನದು.

"ಆ ಎರಡು ಬೆರಳಿಗೆ ಏನು ಹಾಕಿದೆ?"

"ನೀರು." ಅವಳ ದನಿಯಲ್ಲಿ ಅಳುಕಿರಲಿಲ್ಲ. "ಮಡಕೇದು, ತೆಳ್ಳನೆ ಬಟ್ಟೇಲಿ ಸೋಸಿ ಹಾಕ್ದೆ. ಬಾಣಲೆ ಗೀಟಿಗಿಂತ ಇಳಿಯೋಕೆ ಬಿಡಬಾರ್ದು ಅಂತ ನಮ್ಮತ್ತೆ ಕೈಮೇಲೆ ಬಾರಿಸಿ ಕಲಿಸಿದ್ರು. ಇಳಿದ್ರೆ ಎಳೆ ದಪ್ಪ ಸಣ್ಣ ಆಗುತ್ತೆ."

"ಬಿಳುಪಾದಾಗ ನೀರಿಂದ ಅಂತ ಅನ್ನಿಸಲಿಲ್ವಾ?"

"ನೀರು ಯಾಕೆ ಬಿಳುಪು ಮಾಡುತ್ತೆ ಸ್ವಾಮಿ? ಬಾಣಲೆ ಬೆಳ್ಳಗಾದ್ರೆ ಗೂಡು ಕೆಟ್ಟದ್ದು ಅಂತ ಅರ್ಥ. ಸಾಮಾನೇ ಹಳಸಿದೆ ಅಂದ್ಕೊಂಡೆ." ಆಮೇಲೆ ಅವಳಿಗೆ ಅರ್ಥವಾಯಿತು. ಮುನಿಗಂಗಪ್ಪನ ಕಡೆ ತಿರುಗಿದಳು. "ಅಯ್ಯೋ ದೇವುಡಾ. ನಿನ್ನ ಜೈಲಿಗೆ ಕಳಿಸ್ತಿದ್ನಲ್ಲಪ್ಪಾ ನಾನು."

"ನೀರು ಸೋಕಬಾರ್ದು ಅಂತ ಚಲಪತಿಯವ್ರಿಗೆ ಹೇಳ್ದೆ, ಗೌಡ್ರಿಗೆ ಹೇಳ್ದೆ," ಎಂದ ಅವನು. "ನಿಂಗೆ ಹೇಳ್ಲಿಲ್ಲ ಅಕ್ಕ. ಕೈ ಇಡೋಳು ನೀನು. ತಪ್ಪು ನಂದು."

ಕೋನಪ್ಪನ ಗಮನ ಮಾತ್ರ ನೀರಿನ ಮೇಲಿರಲಿಲ್ಲ. ಎರಡು ಬೆರಳಿನ ಮೇಲಿತ್ತು. ಶುಕ್ರವಾರ ಐದು ಲೀಟರು ತುಂಬಿದ ಜಾಡಿ, ಬೀಗ ಹಾಕಿದ ಕೋಣೆಯಲ್ಲಿ, ಬಿಗಿದ ಬಿರಡೆಯ ಕೆಳಗೆ, ಅಷ್ಟು ಕಡಿಮೆಯಾಗುವುದು ಹೇಗೆ? ಪುಸ್ತಕ ಕದ್ದವನಿಗೆ, ಬರೆದದ್ದು ನಿಜವೇ ಎಂದು ನೋಡಲು ದ್ರಾವಣದ ಮಾದರಿಯೂ ಬೇಕು.

ಬೆಂಕಿಪೊಟ್ಟಣ ತೆರೆದು ದಾರವನ್ನು ಅವಳ ಅಂಗೈ ಮೇಲಿಟ್ಟ.

ಅವಳು ಬೆಳಕಿಗೆ ಹಿಡಿದು ನೋಡಿದಳು. "ದಾರ ನಂದೇ. ಗಂಟು ನಂದಲ್ಲ. ಬೆಳಿಗ್ಗೆ ಆತುರದಲ್ಲಿ ನೋಡ್ಲಿಲ್ಲ, ಕುಯ್ದು ಹಾಕ್ದೆ."

"ಹೆಂಗೆ ಹೇಳ್ತೀಯ?"

"ಬಾಲ ಇದೆ ನೋಡಿ, ಎರಡು. ನಾವು ಎಳೆ ಸೇರಿಸಿದ್ರೆ ತುದಿ ಹಲ್ಲಲ್ಲಿ ಕಚ್ಚಿ ತೆಗೀತೀವಿ. ಬಾಲ ಬಿಟ್ರೆ ಚರಕದಲ್ಲಿ ಸಿಕ್ಕೊಳುತ್ತೆ. ಹನ್ನೆರಡು ವರ್ಷದಲ್ಲಿ ನನ್ನ ಒಂದು ಗಂಟಿಗೂ ಬಾಲ ಇಲ್ಲ."

ಹೊರಗೆ ರೈಲಿನ ಶಿಳ್ಳು ಕೇಳಿಸಿತು. ಕೋನಪ್ಪ ದಾರವನ್ನು ಪೊಟ್ಟಣಕ್ಕೆ ಹಾಕಿ, ಈ ಮಾತು ಸದ್ಯಕ್ಕೆ ಮೂವರಲ್ಲೇ ಇರಲಿ ಎಂದ.

ಚಲಪತಿ ಕರೆತಂದ ಅಧಿಕಾರಿ ಸಣ್ಣ ಕನ್ನಡಕದ, ಮಿತಭಾಷಿ ಮನುಷ್ಯ. ಚೌಕಟ್ಟಿನಲ್ಲಿದ್ದ ತಮ್ಮದೇ ಕಾಗದವನ್ನೂ ಕೆಳಗಿನ ಅಂಕಿಯನ್ನೂ ಓದಿ ತೊಟ್ಟಿಯ ಕಡೆ ತಿರುಗಿದರು. ಅಶ್ವತ್ಥಮ್ಮ ಸೆರಗು ಬಿಗಿದು ಚರಕದ ಮುಂದೆ ಕೂತಳು. ಹಲಗೆ ದ್ರಾವಣದಲ್ಲಿ ಮುಳುಗಿತು. ಅವಳ ಕೈ ತಿರುಗಿತು. ಗಾಜು ಏರುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಸಮನಾಗಿ ಅದು ಮೇಲೆ ಬಂತು. ಅಧಿಕಾರಿ ಗಡಿಯಾರ ನೋಡಿಕೊಂಡು ಅಳೆದರು. ಮೊದಲ ಹಲಗೆಗೂ ಆರನೆಯದಕ್ಕೂ ಒಂದು ಸೆಕೆಂಡಿನ ವ್ಯತ್ಯಾಸವೂ ಬರಲಿಲ್ಲ.

ಎರಡೂ ಮುಕ್ಕಾಲಿಗೆ ಮೊದಲ ಹಲಗೆ ಒಲೆಯಿಂದ ಹೊರಬಂದು ತಣಿಯಿತು. ಅಧಿಕಾರಿ ಅದನ್ನು ಬಾಗಿಲಿನ ಬಿಸಿಲಿಗೆ ಒಯ್ದು ಓರೆ ಮಾಡಿದರು. ಮೂಲೆಯಿಂದ ಮೂಲೆಗೆ ಒಂದೇ ತಿಳಿ ಹೊಂಬಣ್ಣ. ಮಬ್ಬಿಲ್ಲ, ಗೆರೆಯಿಲ್ಲ. ಬ್ಯಾಗಿನಿಂದ ಜರ್ಮನಿಯ ಗಾಜು ತೆಗೆದು ಪಕ್ಕದಲ್ಲಿ ಹಿಡಿದರು. ಬಹಳ ಹೊತ್ತು ನೋಡಿದರು.

"ಇದರಲ್ಲಿ ನಮ್ಮದು ಯಾವುದು?" ಎಂದು ಕೇಳಿದರು.

ಮುನಿಗಂಗಪ್ಪ ತೋರಿಸಿದ. ಅವರು ತಮ್ಮ ಕಾಗದವನ್ನು ಗೋಡೆಯಿಂದ ತಾವೇ ಇಳಿಸಿ, ಮಡಿಸಿದ ಪತ್ರಿಕೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಸೀಮೆಸುಣ್ಣದ ನಲವತ್ತು ಮಾತ್ರ ಗೋಡೆಯಲ್ಲಿ ಉಳಿಯಿತು. ಅಶ್ವತ್ಥಮ್ಮ ಚರಕದ ಮುಂದಿನಿಂದ ಏಳಲಿಲ್ಲ. ಇನ್ನೂ ಹದಿನೆಂಟು ಹಲಗೆಗಳಿದ್ದವು.

ಅಧಿಕಾರಿ ಕೈ ತೊಳೆಯಲು ಹೋದಾಗ ಕೋನಪ್ಪ ರಾಮಾಂಜಿನಪ್ಪನವರನ್ನು ಪಕ್ಕಕ್ಕೆ ಕರೆದ. ಶುಕ್ರವಾರಕ್ಕೂ ಈ ಬೆಳಿಗ್ಗೆಗೂ ನಡುವೆ ಯಾರೋ ಕೋಣೆ ತೆರೆದು, ಜಾಡಿ ಬಿಚ್ಚಿ, ದ್ರಾವಣ ತೆಗೆದು, ತಿರುಗಿ ಕಟ್ಟಿದ್ದಾರೆ ಎಂದು ಹೇಳಿದ. ಬೀಗ ಒಡೆದಿಲ್ಲ. ಇರುವುದು ಎರಡು ಬೀಗದಕೈ. ಒಂದು ಆಗ ಮುರುಗಮಲ್ಲದಲ್ಲಿತ್ತು.

ರಾಮಾಂಜಿನಪ್ಪನವರ ಮುಖದಲ್ಲಿ ಅಷ್ಟು ಹೊತ್ತು ಇದ್ದ ಕಳೆ ಇಳಿಯಿತು.

"ಬಿಟ್ಟುಬಿಡಿ ಸಾರ್," ಎಂದರು. "ಗಾಜು ಪಾಸಾಯ್ತು. ಹುಡುಗನ ಹೆಸರು ಉಳೀತು. ದೂರು ವಾಪಸ್ ತಗೋತೀನಿ. ಪುಸ್ತಕದ್ದೂ."

"ಆ ಕೋಣೆ ಬೀಗದಕೈ ಕೊಡಿ ಗೌಡ್ರೇ. ನೋಡಿ ಕೊಡ್ತೀನಿ."

ಅವರು ಕದಲಲಿಲ್ಲ. ಕೋನಪ್ಪ ಕೈ ಚಾಚಿಯೇ ನಿಂತ. ಕೊನೆಗೆ ಅವರು ಅಂಗಿಯ ಅಂಚು ಎತ್ತಿದರು.

ಉಡಿದಾರದಲ್ಲಿ ಮೂರು ಬೀಗದಕೈಗಳಿದ್ದವು, ದ್ರಾವಣದ ಕೋಣೆಯದು ಇರಲಿಲ್ಲ. ಬೆಳಿಗ್ಗೆ ಎಂಟೂಕಾಲಿಗೆ ನಾಲ್ಕಿದ್ದವೆಂದು ಕೋನಪ್ಪನ ಪುಸ್ತಕದಲ್ಲಿತ್ತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಕೋನಪ್ಪ, ಒಳಗಿದ್ದವರು ಯಾರೂ ಹೊರಗೆ ಹೋಗದಂತೆ, ಕಾರ್ಖಾನೆಯ ಗೇಟಿಗೆ ಒಳಗಿನಿಂದ ಬೀಗ ಹಾಕಿಸಿದ.